ಗೋಡೆಗೆ ಬೆನ್ನು ಕೊಟ್ಟ ಸಂತರು

ತಪಸ್ಸುಕಾಲದ ಶುಕ್ರವಾರಗಳಂದು ನಾವು ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳ ಮುಂದೆ ಮೊಣಕಾಲೂರುತ್ತೇವೆ. ಅನೇಕ ದೇವಾಲಯಗಳಲ್ಲಿ ಅವು ಬರಿಯ ಚಿತ್ರಗಳಲ್ಲ. ಆಕೃತಿಗಳು ಹಲಗೆಯಿಂದ ಮುಂದಕ್ಕೆ ಉಬ್ಬಿರುತ್ತವೆ. ಇದೇ ಉಬ್ಬುಶಿಲ್ಪ. ಸ್ವರೂಪವೊಂದರ ಸುತ್ತ ನಾವು ನಡೆದು ಬರಬಹುದು. ಉಬ್ಬುಶಿಲ್ಪವನ್ನು ಎದುರು ನಿಂತೇ ನೋಡಬೇಕು. ಅದರ ಬೆನ್ನು ಗೋಡೆಗೆ ಸೇರಿದ್ದು.

ಆರ್ಥೊಡಾಕ್ಸ್ ದೇವಾಲಯಗಳಲ್ಲಿ ನಮ್ಮಲ್ಲಿರುವಂತಹ ಸ್ವರೂಪಗಳು ಸಾಮಾನ್ಯವಾಗಿ ಕಾಣಸಿಗವು. ಹಾಗೆಂದು ಅವರು ಪವಿತ್ರ ಚಿತ್ರಗಳ ವಿರೋಧಿಗಳೆಂದು ತಿಳಿಯಬಾರದು. 787ರ ನೈಸೀಯ ಮಹಾಸಭೆಯ ತೀರ್ಮಾನ ಅವರಿಗೂ ನಮಗೂ ಒಂದೇ: ಚಿತ್ರಕ್ಕೆ ತೋರುವ ಗೌರವ ಅದರಲ್ಲಿರುವವರಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬರಿಗೇ. ಅದಕ್ಕೂ ಮುಂಚೆ ದಮಾಸ್ಕಸಿನ ಸಂತ ಯೊವಾನ್ನರು ಇದರ ಕಾರಣವನ್ನು ವಿವರಿಸಿದ್ದರು. ಕಾಣದ ದೇವರನ್ನು ಚಿತ್ರಿಸಲಾಗದು. ಆದರೆ ಆ ದೇವರು ನರಮಾಂಸ ಧರಿಸಿ ಬಂದ ಮೇಲೆ ಆ ಮುಖವನ್ನು ಚಿತ್ರಿಸಬಹುದು. ಪೂರ್ವದ ಕ್ರೈಸ್ತರ ಭಕ್ತಿ ಐಕಾನುಗಳತ್ತ ಹರಿಯಿತು, ಶಿಲ್ಪ ಗೋಡೆಯಲ್ಲೇ ಉಳಿಯಿತು.

ಮಾಸ್ಕೋದ ಕ್ರಿಸ್ತ ರಕ್ಷಕರ ಪ್ರಧಾನ ದೇವಾಲಯವನ್ನೇ ನೋಡಿ. ನೆಪೋಲಿಯನ್ನನ ಸೈನ್ಯ 1812ರಲ್ಲಿ ರಷ್ಯದಿಂದ ಕಾಲ್ತೆಗೆದಾಗ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಹೊತ್ತ ಹರಕೆ ಇದು. ವಾಸ್ತುಶಿಲ್ಪಿ ಕೋನ್‌ಸ್ತಾಂತೀನ್ ತೋನ್. ಹರಕೆ ತೀರುವುದು ತಡವಾಯಿತು. ಅಭಿಷೇಕ ನಡೆದದ್ದು 1883ರಲ್ಲಿ. ಶಿಲುಬೆಯಾಕಾರದ ತಳ, ನಡುವೆ ದೊಡ್ಡ ಗುಮ್ಮಟ, ಸುತ್ತ ನಾಲ್ಕು ಚಿಕ್ಕವು. ರಷ್ಯದ ಸಂಪ್ರದಾಯದಲ್ಲಿ ನಡುವಿನದು ಕ್ರಿಸ್ತರಿಗೆ, ನಾಲ್ಕು ಶುಭಸಂದೇಶಕಾರರಿಗೆ. ಹೊರಗೋಡೆಗಳ ಉದ್ದಕ್ಕೂ ಬಿಳಿಗಲ್ಲಿನ ಉಬ್ಬುಶಿಲ್ಪಗಳು: ಅಬ್ರಹಾಮ, ದಾವೀದ, ರಷ್ಯದ ಸಂತರು. ಲೊಗಾನೋವ್‌ಸ್ಕಿ ಕೆತ್ತಿದ ಒಂದರಲ್ಲಿ ಸಂತ ಸೆರ್ಗಿಯುಸರು ಯುದ್ಧಕ್ಕೆ ಹೊರಟ ದೊರೆ ದ್ಮೀತ್ರಿಯನ್ನು ಆಶೀರ್ವದಿಸುತ್ತಾರೆ.

1931ರ ಡಿಸೆಂಬರ್ 5ರಂದು ಸೋವಿಯತ್ ಸರ್ಕಾರ ಇದನ್ನು ಸಿಡಿಮದ್ದಿನಿಂದ ಉರುಳಿಸಿತು. ಅಲ್ಲಿ ಏಳಬೇಕಿದ್ದ ಸೋವಿಯತರ ಅರಮನೆ ಏಳಲೇ ಇಲ್ಲ. 1960ರಿಂದ ಅಲ್ಲಿದ್ದದ್ದು ಈಜುಕೊಳ! ಕೆಡಹುವ ಮುನ್ನ ಕೆಲವು ಉಬ್ಬುಶಿಲ್ಪಗಳನ್ನು ಬಿಡಿಸಿ ದೋನ್‌ಸ್ಕೋಯ್ ಮಠಕ್ಕೆ ಸಾಗಿಸಿದ್ದರು. ಅವುಗಳಲ್ಲಿ ಸಂತ ಸೆರ್ಗಿಯುಸರದೂ ಇತ್ತು. 1591ರಲ್ಲಿ ಸ್ಥಾಪನೆಯಾದ ಆ ಮಠಕ್ಕೆ ಹೆಸರು ಬಂದದ್ದು ದೋನ್ ಮಾತೆಯ ಐಕಾನಿನಿಂದ. ಅದೇ ಐಕಾನು 1380ರ ಕುಲಿಕೋವೊ ಯುದ್ಧದಲ್ಲಿ ದ್ಮೀತ್ರಿಯ ಜೊತೆಗಿತ್ತೆಂಬುದು ಅಲ್ಲಿಯ ಭಕ್ತರ ನಂಬಿಕೆ. ಕಲ್ಲಿನ ದ್ಮೀತ್ರಿ ಕೊನೆಗೆ ಆಶ್ರಯ ಪಡೆದದ್ದು ಅಲ್ಲಿಯೇ.

ದೇವಾಲಯವನ್ನು ಹಳೆಯ ಜಾಗದಲ್ಲೇ ಮತ್ತೆ ಕಟ್ಟಿದರು. ಪಿತೃಪ್ರಧಾನ ಎರಡನೇ ಅಲೆಕ್ಸಿಯವರು 2000ದ ಆಗಸ್ಟ್ 19ರಂದು ಅದನ್ನು ಅಭಿಷೇಕಿಸಿದರು. ಉಬ್ಬುಶಿಲ್ಪಗಳು ಮಾತ್ರ ಈ ಸಲ ಕಂಚಿನವು. ನನಗೇನೋ ಇದು ಒಪ್ಪಿತವಲ್ಲ. ಬಿಳಿಗೋಡೆಯಿಂದ ಬಿಳಿಯ ಸಂತರು ಮೂಡಿ ಬರುತ್ತಿದ್ದರು. ಕಪ್ಪು ಕಂಚು ಆಮೇಲೆ ತಂದು ತೂಗುಹಾಕಿದಂತೆ ಕಾಣುತ್ತದೆ. ಹಳೆಯ ಕಲ್ಲುಗಳು ಇಂದಿಗೂ ಮಠದಲ್ಲಿವೆ, ತಮ್ಮದಲ್ಲದ ಗೋಡೆಗೆ ಬೆನ್ನು ಕೊಟ್ಟು.