ದಾರ ಮುಗಿದಲ್ಲಿ ಗಂಟು ಬೇಡ
ಮೊಮ್ಮಗುವಿಗೆಂದು ಕ್ರೋಶಾದಲ್ಲಿ ಹೆಣೆದ ಅಕ್ರಿಲಿಕ್ ಹೊದಿಕೆ ಒಗೆದ ಮೇಲೆ ಅಲ್ಲಲ್ಲಿ ಬಿಚ್ಚಿಕೊಂಡಿದೆ, ಗಂಟು ಬಿಗಿಯಾಗಿಯೇ ಹಾಕಿದ್ದೆ ಎಂದು ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ. ಅವರ ಕೈಗೆಲಸದಲ್ಲಿ ಕೊರತೆಯಿಲ್ಲ. ನುಣುಪು ದಾರದ ಗಂಟಿನ ಪಕ್ಕದಲ್ಲೇ ತುದಿ ಕತ್ತರಿಸಿದರೆ, ಒಗೆಯುವಾಗಿನ ಎಳೆತಕ್ಕೆ ಅದು ಮೆಲ್ಲಗೆ ಜಾರುತ್ತದೆ.

ಪಳಗಿದವರು ಸ್ಟಿಚ್ಚಿನೊಳಗೇ ದಾರ ಬದಲಿಸುತ್ತಾರೆ. ಹಳೆಯ ದಾರ ಒಂದು ಗೇಣು ಉಳಿದಿರುವಾಗಲೇ ನಿಲ್ಲಿಸಬೇಕು. ಡಬಲ್ ಕ್ರೋಶಾದ ಕೊನೆಯ ಎರಡು ಲೂಪ್ ಕಡ್ಡಿಯ ಮೇಲಿರುವಾಗ ಹಳೆಯದನ್ನು ಬಿಟ್ಟು, ಹೊಸ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಆ ಎರಡರೊಳಗಿಂದ ಎಳೆದರಾಯಿತು. ಹೊಸದಕ್ಕೂ 15 ಸೆಂ.ಮೀ. ತುದಿ ಬಿಡಬೇಕು; ಇಲ್ಲಿ ಜಿಪುಣತನ ಸಲ್ಲದು. ಆಮೇಲೆ ತುದಿಯನ್ನು ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯ ಸ್ಟಿಚ್ಚುಗಳಲ್ಲಿ ಸ್ವಲ್ಪ ದೂರ ನುಗ್ಗಿಸಿ, ಒಂದು ಎಳೆ ದಾಟಿಸಿ ಹಿಂದಕ್ಕೆ ತಂದು, ಮತ್ತೊಮ್ಮೆ ಮುಂದಕ್ಕೆ ಒಯ್ಯಬೇಕು. ಒಂದೇ ದಿಕ್ಕಿಗೆ ಹೋದ ತುದಿ ಬಂದ ದಾರಿಯಲ್ಲೇ ಹೊರಬರುತ್ತದೆ.

ಅಪ್ಪಟ ಉಣ್ಣೆಗೆ ಇನ್ನೂ ಸೊಗಸಾದ ಉಪಾಯವಿದೆ. ಎರಡೂ ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ತಾಗಿಸಿ, ಅಂಗೈಗಳ ನಡುವೆ ಬಿಸಿಯೇರುವಂತೆ ಉಜ್ಜಿದರೆ ಬೆಸೆದುಕೊಳ್ಳುತ್ತವೆ. ಉಣ್ಣೆಯ ನಾರಿನ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದೇ ಕಾರಣ. ಹತ್ತಿ, ಅಕ್ರಿಲಿಕ್, ಸೂಪರ್‌ವಾಶ್ ಉಣ್ಣೆಗೆ ಇದು ನಡೆಯದು.

ಈ ಹೊದಿಕೆಯನ್ನು ಪೂರ್ತಿ ಬಿಚ್ಚುವ ಅಗತ್ಯವಿಲ್ಲ. ಜಾರಿದ ಲೂಪ್‌ಗಳನ್ನು ಸೇಫ್ಟಿ ಪಿನ್ನಿನಲ್ಲಿ ಹಿಡಿದಿಟ್ಟು, ಅದೇ ಬಣ್ಣದ ತುಂಡು ದಾರದಿಂದ ಸ್ಟಿಚ್ಚಿನ ಜಾಡು ಹಿಡಿದು ಸೂಜಿಯಲ್ಲೇ ಸರಿಪಡಿಸಬಹುದು. ಸಡಿಲ ಲೂಪಿಗೆ ಕೂಸಿನ ಬೆರಳು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ರಿಪೇರಿ ಮುಗಿದು ಪಿನ್ನುಗಳೆಲ್ಲ ಹೊರಬಂದ ಮೇಲೆಯೇ ಹೊದಿಸಬೇಕು.