ತೆಂಗಿನ ಸೀಮೆಯೂ ವಿದ್ಯಾರ್ಥಿ ಸಂಶೋಧನೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕೂಡಿದ ಸೀಮೆಯು ಕಲ್ಪತರು ನಾಡೆಂದು ಹೆಸರಾಗಿದೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಹಾದಿಯಲ್ಲಿರುವ ನೊಣವಿನಕೆರೆಯು ಈ ಸೀಮೆಯ ನಡುವಿನ ಊರು. ಬಲಿತ ಕಾಯಿಯನ್ನು ಎಂಟರಿಂದ ಹನ್ನೆರಡು ತಿಂಗಳ ಕಾಲ ಅಟ್ಟದ ಮೇಲೆ ಇರಿಸಿ, ಚಿಪ್ಪಿನೊಳಗೆ ತಿರುಳು ತಾನಾಗಿ ಒಣಗಿ ಬಿಡುವಂತೆ ಮಾಡಿ ಉಂಡೆ ಕೊಬ್ಬರಿ ತೆಗೆಯುವುದು ಇಲ್ಲಿಯ ಪದ್ಧತಿ. ಮಕ್ಕಳ ಓದು, ಮದುವೆ, ಮನೆಯ ಸಾಲ ಎಲ್ಲಕ್ಕೂ ಆ ಅಟ್ಟವೇ ಆಧಾರ. ಅಟ್ಟ ಬರಿದಾದ ವರ್ಷ ಮನೆಯ ಲೆಕ್ಕಾಚಾರವೇ ಬುಡಮೇಲಾಗುತ್ತದೆ.

2011ರಿಂದ 2016ರವರೆಗಿನ ಅವಧಿಯಲ್ಲಿ ಕರ್ನಾಟಕಕ್ಕೆ ಮೇಲಿಂದ ಮೇಲೆ ಬರಗಾಲ ಬಂದಿತು. ಕೊಳವೆ ಬಾವಿಗಳು ಬತ್ತಿದವು; ತುಮಕೂರು ಮತ್ತು ಹಾಸನ ಜಿಲ್ಲೆಗಳಲ್ಲಿ ದಶಕಗಳ ಕಾಲ ಫಲ ಕೊಟ್ಟ ಮರಗಳು ಗರಿ ಕಳಚಿ ಬೋಳಾಗಿ ನಿಂತವು. ಮತ್ತೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇಂತಹ ಸನ್ನಿವೇಶದಲ್ಲಿ ರೈತನ ಮುಂದೆ ನಿಲ್ಲುವ ಪ್ರಶ್ನೆ ಸರಳವಾದುದು, ಆದರೆ ಉತ್ತರ ಸುಲಭವಲ್ಲ. ಸತ್ತ ಮರದ ಗುಂಡಿಯಲ್ಲಿ ಮತ್ತೆ ತೆಂಗಿನ ಸಸಿಯನ್ನೇ ನೆಡಬೇಕೆ? ನೆಟ್ಟರೆ ನಾಟಿ ತಳಿಯ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಆ ವೇಳೆಗೆ ಬಾವಿಯಲ್ಲಿ ನೀರಿರುವುದೆ? ಹವಾಮಾನದ ವೈಪರೀತ್ಯವನ್ನು ತಾಳಿಕೊಳ್ಳುವ ಬೇಸಾಯವೆಂಬ ಮಾತು ಸಭೆಗಳಲ್ಲಿ ಎಷ್ಟೇ ದೊಡ್ಡದಾಗಿ ಕೇಳಿಬಂದರೂ, ಈ ಸೀಮೆಯ ಮಟ್ಟಿಗೆ ಅದರ ಅರ್ಥ ಈ ಗುಂಡಿಯ ಪ್ರಶ್ನೆಯಲ್ಲಿಯೇ ಅಡಗಿದೆ. ವಿಶ್ವವಿದ್ಯಾನಿಲಯಗಳಲ್ಲಿ ಓದುವ ವಿದ್ಯಾರ್ಥಿಗಳ ಸಂಶೋಧನೆಯು ಇದಕ್ಕೆ ಎಷ್ಟರ ಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿದ್ಯಾರ್ಥಿ ಸಂಶೋಧನೆಯ ಎರಡು ಮಾರ್ಗಗಳು

ಕರ್ನಾಟಕದಲ್ಲಿ ವಿದ್ಯಾರ್ಥಿಗಳ ಸಂಶೋಧನೆಯನ್ನು ಜನಜೀವನದ ಅಗತ್ಯಗಳತ್ತ ತಿರುಗಿಸುವ ಪ್ರಯತ್ನ ಹೊಸದೇನಲ್ಲ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದು, ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಗಾಗಿ ಯೋಜನಾ ಕಾರ್ಯಕ್ರಮವೊಂದನ್ನು ನಡೆಸಿಕೊಂಡು ಬಂದಿದೆ. 2022–23ರಲ್ಲಿ ಅದರ 46ನೆಯ ಮಾಲಿಕೆ ನಡೆಯಿತು. ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ವಿಷಯವನ್ನು ಸೂಚಿಸುತ್ತಾರೆ. ಆಯ್ಕೆಯಾದ ಯೋಜನೆಗೆ ಮಂಡಳಿಯು ಧನಸಹಾಯ ಕೊಡುತ್ತದೆ. ಕೆಲಸ ಮುಗಿದ ಮೇಲೆ ತಜ್ಞರು ಪರೀಕ್ಷಿಸಿ, ಉತ್ತಮವಾದವುಗಳನ್ನು ವಿಚಾರಗೋಷ್ಠಿ ಮತ್ತು ಪ್ರದರ್ಶನಕ್ಕೆ ಆರಿಸುತ್ತಾರೆ.

ಎರಡನೆಯ ಮಾರ್ಗ ಕೃಷಿ ವಿಶ್ವವಿದ್ಯಾನಿಲಯಗಳದು. ಅಂತಿಮ ವರ್ಷದ ಕೃಷಿ ಪದವಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವದ ನಿಮಿತ್ತ ಹಳ್ಳಿಯಲ್ಲಿಯೇ ಕೆಲವು ತಿಂಗಳು ವಾಸಿಸುತ್ತಾರೆ. ಊರಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗ್ರಾಮದ ನಕ್ಷೆ ಬರೆದು, ಕೆರೆ, ಬಾವಿ, ತೋಟ, ಹೊಲಗಳನ್ನು ರೈತರ ಬಾಯಿಂದಲೇ ಕೇಳಿ ಗುರುತಿಸುವುದು ಆ ಅಭ್ಯಾಸದ ಒಂದು ಭಾಗ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತಿಪಟೂರು ಪಟ್ಟಣದಲ್ಲಿ ತಾಂತ್ರಿಕ ವಿದ್ಯಾಲಯವಿದೆ. ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜೂ, 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೂ ಇವೆ. ಆದುದರಿಂದ ಈ ಸೀಮೆಗೆ ಸಂಶೋಧನಾಲಯಗಳ ಕೊರತೆಯಿದೆ ಎನ್ನಲಾಗದು. ಕೊರತೆ ಇರುವುದು ಬೇರೆಡೆಯಲ್ಲಿ.

ಉಂಗ್ರದಿಂದ ಕಲಿಯಬೇಕಾದುದು

ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ನಿದರ್ಶನವು ಇಲ್ಲಿ ಸ್ಮರಣಾರ್ಹ. ಅದು ವಿದ್ಯಾರ್ಥಿಗಳ ಕೆಲಸವಲ್ಲ, ನುರಿತ ವಿಜ್ಞಾನಿಗಳದು. ಆದರೂ ಅದರ ಪಾಠ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ವಿಜ್ಞಾನವನ್ನು ಹಳ್ಳಿಗಳ ಬಳಕೆಗೆ ಒದಗಿಸುವ ಸಂಕಲ್ಪದಿಂದ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ವಿಭಾಗ ಪ್ರಾರಂಭವಾಯಿತು. ಅದರ ವಿಸ್ತರಣಾ ಕೇಂದ್ರ ಉಂಗ್ರದಲ್ಲಿ ನೆಲೆಗೊಂಡಿತು. ಸಂಶೋಧಕರು ಮೊದಲು ಯಂತ್ರಗಳನ್ನು ಹೊತ್ತು ತರಲಿಲ್ಲ. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ದುಡಿಮೆ, ಎಷ್ಟು ಹೊತ್ತು ಎಂಬುದನ್ನು ಅಳೆದರು. ಬಳಕೆಯಾಗುವ ಶಕ್ತಿಯಲ್ಲಿ ಅತ್ಯಧಿಕ ಪಾಲು ಅಡುಗೆಯ ಸೌದೆಯದೆಂದೂ, ಅದನ್ನು ಹೊಂದಿಸುವ ಹೊರೆ ಬಹುಮಟ್ಟಿಗೆ ಹೆಂಗಸರು ಮಕ್ಕಳ ಮೇಲೆ ಬೀಳುವುದೆಂದೂ ತಿಳಿದ ಬಳಿಕವೇ ಕಡಿಮೆ ಸೌದೆಯ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆ ರೂಪುಗೊಂಡಿತು.

ಸಮೀಪದ ಪುರ ಗ್ರಾಮದಲ್ಲಿ ಊರಿಗೆಲ್ಲ ಸೇರಿದ ಗೋಬರ್ ಅನಿಲ ಸ್ಥಾವರವೊಂದನ್ನು ಕಟ್ಟಲಾಯಿತು. ಅಡುಗೆಗೆ ಅನಿಲ ಒದಗಿಸುವುದು ಅದರ ಮೊದಲ ಗುರಿ. ಆದರೆ ದೊರೆಯುವ ಸಗಣಿ ಆ ಗುರಿಗೆ ಸಾಲಲಿಲ್ಲ. ಸೋಲನ್ನು ಮುಚ್ಚಿಡದೆ, ಗ್ರಾಮಸ್ಥರ ಅಗತ್ಯವನ್ನು ಪುನಃ ವಿಚಾರಿಸಿ, 1987ರಿಂದ ಅದೇ ಅನಿಲದಿಂದ ವಿದ್ಯುತ್ತನ್ನು ಉತ್ಪಾದಿಸಿ ಕುಡಿಯುವ ನೀರು ಮತ್ತು ದೀಪಗಳಿಗೆ ಬಳಸಲಾಯಿತು. ಆ ವ್ಯವಸ್ಥೆ ಒಂದು ದಶಕದ ಹತ್ತಿರ ನಡೆದು ಅನಂತರ ನಿಂತಿತು. ಈ ಇತಿಹಾಸದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಊರನ್ನು ಕೇಳದೆ ಆರಿಸಿಕೊಂಡ ಪ್ರಶ್ನೆಗೆ ಬಂದ ಉತ್ತರ ಊರಿಗೆ ಸಲ್ಲುವುದಿಲ್ಲ. ಸಾಧ್ಯವಾಗದೆ ಹೋದುದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರೆ ಮುಂದಿನವರಿಗೆ ಅದೇ ದಾರಿದೀಪ.

ಮರದ ಪಂಚಾಂಗ, ವಿದ್ಯಾರ್ಥಿಯ ಪಂಚಾಂಗ

ತೆಂಗಿನ ವಿಷಯದಲ್ಲಿ ಮತ್ತೊಂದು ತೊಡಕಿದೆ. ಪದವಿ ವಿದ್ಯಾರ್ಥಿಯ ಯೋಜನೆಗೆ ದೊರೆಯುವ ಕಾಲ ಹೆಚ್ಚೆಂದರೆ ಒಂದು ವರ್ಷ. ಮರದ ಪಂಚಾಂಗ ಬೇರೆ. ಆರೋಗ್ಯವಾದ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಹುಟ್ಟುತ್ತದೆ. ಆ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡುವುದು ಅದು ಒಡೆಯುವುದಕ್ಕೆ ಸುಮಾರು 32 ತಿಂಗಳು ಮೊದಲು. ಒಡೆದ ಮೇಲೆ ಕಾಯಿ ಬಲಿಯಲು ಇನ್ನೂ 12 ತಿಂಗಳು ಬೇಕು. ಎಂದರೆ ಇಂದು ಕೆಡವಿದ ಗೊನೆಯ ಜೀವನ ಸುಮಾರು 44 ತಿಂಗಳ ಹಿಂದೆಯೇ ಆರಂಭವಾಗಿರುತ್ತದೆ.

ಆದಕಾರಣ ಈ ವರ್ಷದ ಬರ ಈ ವರ್ಷವೇ ಸಂಪೂರ್ಣವಾಗಿ ಕಾಣಿಸದು. ಹೀಚುಗಳು ಉದುರುವುದು ಕೂಡಲೇ ಕಣ್ಣಿಗೆ ಬೀಳಬಹುದು. ಆದರೆ ಸುಳಿಯೊಳಗೆ ಬಾಡಿದ ಹೊಂಬಾಳೆಯ ನಷ್ಟ ಎರಡು, ಮೂರು ವರ್ಷಗಳ ಬಳಿಕ ಅಟ್ಟದಲ್ಲಿ ಕಾಣುತ್ತದೆ. ಒಂದು ವರ್ಷದ ಇಳುವರಿಯನ್ನು ಮಾತ್ರ ಎಣಿಸಿ, ಈ ಗೊಬ್ಬರದಿಂದ ಲಾಭವಾಯಿತು, ಆ ನೀರಾವರಿಯಿಂದ ಲಾಭವಾಗಲಿಲ್ಲ ಎಂದು ತೀರ್ಮಾನಿಸಿದ ಪ್ರಬಂಧವು ಮೂರು ವರ್ಷ ಹಿಂದಿನ ಮಳೆಯ ಗುಣವನ್ನೇ ತನ್ನ ಗೊಬ್ಬರದ ಗುಣವೆಂದು ಭ್ರಮಿಸುವ ಅಪಾಯವಿದೆ. ಕಾಸರಗೋಡಿನಲ್ಲಿ 1916ರಷ್ಟು ಹಿಂದೆಯೇ ತೆಂಗಿನ ಸಂಶೋಧನಾ ಕೇಂದ್ರ ಸ್ಥಾಪಿತವಾಗಿ, ಅಲ್ಲಿಯ ಕೆಲಸ ತಲೆಮಾರುಗಳ ಕಾಲ ಮುಂದುವರಿಯಬೇಕಾದುದು ಬೆಳೆಯ ಈ ಸ್ವಭಾವದಿಂದಲೇ. ಕರಾವಳಿಯ ಮಳೆ ವರ್ಷಕ್ಕೆ 3000 ಮಿಲಿಮೀಟರಿಗೂ ಅಧಿಕ. ಅಲ್ಲಿಯ ನಿರ್ಣಯಗಳನ್ನು ಒಳನಾಡಿನ ಒಣ ತೋಟಕ್ಕೆ ಹೊಂದಿಸಿ ನೋಡುವ ಕೆಲಸ ಇಲ್ಲಿಯವರದೇ.

ಒಂದು ವರ್ಷದಲ್ಲಿ ಸಾಧ್ಯವಾದುದು

ಹಾಗೆಂದು ವಿದ್ಯಾರ್ಥಿಯ ಒಂದು ವರ್ಷ ವ್ಯರ್ಥವೆಂದು ಭಾವಿಸಲಾಗದು. ಮರದ ಇಳುವರಿ ನಿಧಾನವಾಗಿ ಉತ್ತರಿಸಿದರೂ ಮಣ್ಣು ಮತ್ತು ನೀರು ಬೇಗನೆ ಉತ್ತರಿಸುತ್ತವೆ. ನಿದರ್ಶನಕ್ಕಾಗಿ ಮಳೆಯ ಲೆಕ್ಕವೊಂದನ್ನು ನೋಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ವರ್ಷಕ್ಕೆ 650 ಮಿಲಿಮೀಟರ್ ಮಳೆಯಾಯಿತೆಂದು ಇಟ್ಟುಕೊಂಡರೆ ಎಕರೆಯ ಮೇಲೆ ಸುಮಾರು 26 ಲಕ್ಷ 30 ಸಾವಿರ ಲೀಟರ್ ನೀರು ಬೀಳುತ್ತದೆ. ಮೂವತ್ತು ಅಡಿ ಅಂತರದಲ್ಲಿ ಎಕರೆಗೆ 48 ಮರಗಳಿದ್ದರೆ, ಮರವೊಂದರ ಪಾಲು ದಿನಕ್ಕೆ ಸರಾಸರಿ 150 ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಮರಕ್ಕೆ ಕೊಡುವುದು ಸಾಮಾನ್ಯವಾಗಿ 30ರಿಂದ 65 ಲೀಟರ್ ಮಾತ್ರ. ಹಾಗಾದರೆ ಕೊರತೆ ಎಲ್ಲಿಯದು? ಮಳೆ ಕೆಲವೇ ದಿನಗಳಲ್ಲಿ ಸುರಿದು, ಬಹುಭಾಗ ಹರಿದು ಹೋಗುತ್ತದೆ, ಇಲ್ಲವೆ ಬಿಸಿಲಿಗೆ ಆವಿಯಾಗುತ್ತದೆ. ಬಿದ್ದ ನೀರಿನಲ್ಲಿ ಎಷ್ಟನ್ನು ತೋಟ ಹಿಡಿದಿಡಬಲ್ಲದು ಎಂಬುದೇ ನಿಜವಾದ ಸಂಶೋಧನಾ ವಿಷಯ.

ಇದಕ್ಕೆ ಬೇಕಾದ ಸಾಮಗ್ರಿ ತೋಟದಲ್ಲಿಯೇ ಇದೆ. ಕಾಯಿ ಸುಲಿದ ಮಟ್ಟೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿಯಬಲ್ಲದು. ಮರಗಳ ಸಾಲುಗಳ ನಡುವೆ ಕಂದಕ ತೋಡಿ, ಮಟ್ಟೆಯ ಒಳಮೈ ಮೇಲ್ಮುಖವಾಗಿರುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಿದರೆ ಅದರ ಉಪಯೋಗ ಹಲವಾರು ವರ್ಷ ಉಳಿಯುತ್ತದೆ. ಮಟ್ಟೆ ಹೂಳಿದ ಸಾಲು ಒಂದು, ಹೂಳದ ಸಾಲು ಒಂದು. ಮಳೆ ನಿಂತ ಬಳಿಕ ಹದಿನೈದು ದಿನಕ್ಕೊಮ್ಮೆ ಎರಡೂ ಕಡೆ ಒಂದೇ ಆಳದ ಮಣ್ಣನ್ನು ತೆಗೆದು ತೂಗಿ, ಒಲೆಯಲ್ಲಿ 105 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಣಗಿಸಿ ಮತ್ತೆ ತೂಗಬೇಕು. ನೂರು ಗ್ರಾಂ ಹಸಿ ಮಣ್ಣು ಒಣಗಿ 88 ಗ್ರಾಂ ಆದರೆ, ಹೋದ 12 ಗ್ರಾಂ ನೀರು ಒಣ ಮಣ್ಣಿನ ಶೇಕಡ 13.6 ಭಾಗ. ಇಂತಹ ಸರಳ ಪರೀಕ್ಷೆಗೆ ದುಬಾರಿ ಉಪಕರಣ ಬೇಡ, ತಾಳ್ಮೆ ಬೇಕು. ಯಾವ ಸಾಲಿನ ಮಣ್ಣು ಎಷ್ಟು ವಾರ ಹೆಚ್ಚು ತೇವ ಹಿಡಿಯಿತು ಎಂಬ ಉತ್ತರ ಒಂದೇ ಬೇಸಿಗೆಯಲ್ಲಿ ಕೈಸೇರುತ್ತದೆ, ಗುಂಡಿಯ ಮುಂದೆ ನಿಂತ ರೈತನಿಗೆ ಅದು ಉಪಯುಕ್ತವೂ ಆಗುತ್ತದೆ.

ಶಾಲೆಯ ದಾಖಲೆ ಪುಸ್ತಕ

ಉಳಿದುದು ದೀರ್ಘಕಾಲದ ಪ್ರಶ್ನೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಬಂದು ಹೋಗುವವನು; ಊರಿನ ಶಾಲೆ ಊರಿನಲ್ಲಿಯೇ ನಿಲ್ಲುವಂತಹುದು. ಈ ಕಾರಣದಿಂದ ಮಠದ ಆಶ್ರಯದ ಪ್ರೌಢಶಾಲೆಯೊಂದು ಮಾಡಬಹುದಾದ ಕಾರ್ಯವು ಬಹು ಬೆಲೆಯುಳ್ಳದ್ದು. ಅಂಗಳದಲ್ಲಿ ಒಂದು ಮಳೆಮಾಪಕವನ್ನು ಇರಿಸಿ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆಯುವುದು. ಸಮೀಪದ ತೆರೆದ ಬಾವಿಯ ನೀರಿನ ಆಳವನ್ನು ತಿಂಗಳಿಗೊಮ್ಮೆ ಗಂಟು ಹಾಕಿದ ಹಗ್ಗದಿಂದ ಅಳೆಯುವುದು. ತೋಟದ ಹತ್ತು ಮರಗಳಿಗೆ ಸಂಖ್ಯೆ ಕೊಟ್ಟು, ಹೊಸ ಗರಿ ಎಷ್ಟು, ಒಡೆದ ಹೊಂಬಾಳೆ ಎಷ್ಟು, ನಿಂತ ಕಾಯಿ ಎಷ್ಟು, ಕೆಡವಿದುದೆಷ್ಟು ಎಂದು ತಿಂಗಳು ತಿಂಗಳೂ ನಮೂದಿಸುವುದು. ಎಂಟನೆಯ ತರಗತಿಯವರು ಹತ್ತನೆಯ ತರಗತಿಯವರಿಂದ ಪುಸ್ತಕವನ್ನು ವಹಿಸಿಕೊಳ್ಳಬೇಕು. ಹೀಗೆ ಹತ್ತು ವರ್ಷ ನಡೆದರೆ, ಮುಂದೆ ಬರುವ ಪದವಿ ವಿದ್ಯಾರ್ಥಿಯ ಒಂದು ವರ್ಷ ಹನ್ನೊಂದನೆಯ ವರ್ಷವಾಗುತ್ತದೆ. ಬರದ ನೆರಳು ಇಳುವರಿಯ ಮೇಲೆ ಎಷ್ಟು ಕಾಲ ಬೀಳುತ್ತದೆಂಬುದನ್ನು ಅವನು ಊಹಿಸಬೇಕಿಲ್ಲ. ಪುಟ ತಿರುವಿ ನೋಡಬಹುದು.

ಇದಕ್ಕೆ ಸೇರಿದ ಇನ್ನೊಂದು ಕರ್ತವ್ಯವಿದೆ. ಪ್ರಬಂಧಗಳು ಬಹುವಾಗಿ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ಕಾಲೇಜಿನ ಕಪಾಟನ್ನು ಸೇರುತ್ತವೆ. ಯಾರ ತೋಟದಲ್ಲಿ ಅಳತೆ ನಡೆಯಿತೋ ಆ ರೈತನಿಗೆ ಅದರ ಫಲ ತಿಳಿಯದೆ ಹೋದರೆ, ಅವನ ಮರವೂ ಅವನ ಸಮಯವೂ ಎರವಲು ಪಡೆದು ಹಿಂದಿರುಗಿಸದ ಸಾಲವಾಗುತ್ತದೆ. ಪ್ರತಿಯೊಂದು ಯೋಜನೆಯ ಕೊನೆಯಲ್ಲಿ ಎರಡು ಪುಟದ ಕನ್ನಡ ಸಾರಾಂಶವನ್ನು ತೋಟದ ಯಜಮಾನನಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದಲ್ಲಿ ಇರಿಸುವ ಪದ್ಧತಿ ಬರಬೇಕು. ಅನ್ನಕ್ಕೆ ದಾಸೋಹವಿರುವಂತೆ ಅರಿವಿಗೂ ದಾಸೋಹವಿರಬೇಕೆಂಬುದು ಮಠಗಳ ಪರಂಪರೆಗೆ ಅಪರಿಚಿತವಾದ ಮಾತಲ್ಲ.

ಮಳೆಮಾಪಕ, ತಕ್ಕಡಿ, ದಾಖಲೆ ಪುಸ್ತಕಗಳಿಗೆ ತಗಲುವ ವೆಚ್ಚ ಅಲ್ಪ. ದಾನಿಗಳಿಂದ ಕಟ್ಟಡಗಳು ಎದ್ದಿವೆ, ಏಳುತ್ತಿವೆ. ಅವುಗಳ ನೆರಳಿನಲ್ಲಿ ಇಂತಹ ಒಂದು ಪುಸ್ತಕಕ್ಕೂ ಸ್ಥಳ ದೊರೆಯುವುದು ಉಚಿತ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರಾದವರು, ಕೃಷಿ ಪದವೀಧರರಾದವರು ವರ್ಷಕ್ಕೊಮ್ಮೆ ಬಂದು ಅಂಕಿಗಳನ್ನು ಪರಿಶೀಲಿಸಿದರೆ ಅದಕ್ಕೆ ಬಲ ಬರುತ್ತದೆ. ಇಂದು ನೆಟ್ಟ ಸಸಿ ಅರವತ್ತು ವರ್ಷಗಳ ಬಳಿಕವೂ ನಿಂತಿರಬಹುದಾದ ಮರ. ಅದನ್ನು ಎಲ್ಲಿ ನೆಡಬೇಕು, ಎಷ್ಟು ನೆಡಬೇಕು, ನೆಟ್ಟದ್ದನ್ನು ಯಾವ ನೀರಿನಿಂದ ಉಳಿಸಬೇಕು ಎಂಬುದಕ್ಕೆ ಖಚಿತವಾದ ಉತ್ತರ ಬೇಕಾದರೆ, ಮೊದಲ ಅಂಕಿಯನ್ನು ಈ ಮಳೆಗಾಲದಲ್ಲಿಯೇ ಬರೆಯತೊಡಗಬೇಕು.