ಅರ್ಜಿಯಲ್ಲಿ ‘ಎಂದಿನ ಮಾರ್ಗ’ ಎಂದು ಬರೆದ ವರ್ಷ

ಆ ಸಂಜೆ ಹುಬ್ಬಳ್ಳಿಯ ಬೆಂಗೇರಿ ಸಂತೆಯ ಅಂಚಿನಲ್ಲಿ ನಮ್ಮ ಗಣಪ್ಪನ ಮೆರವಣಿಗೆಯ ಟ್ರ್ಯಾಕ್ಟರ್ ನಿಂತಾಗ ಮುಂದಿನ ಗಾಲಿಯ ಪಕ್ಕದಲ್ಲೇ ಒಬ್ಬ ಅಜ್ಜಿ ಕುಳಿತಿದ್ದಳು. ಅವಳ ಮುಂದೆ ತಾಡಪತ್ರಿಯ ಮೇಲೆ ಮೆಂತ್ಯೆ ಪಲ್ಲೆ, ಹಸಿಮೆಣಸಿನಕಾಯಿ, ಟೊಮೆಟೊದ ಸಣ್ಣ ಸಣ್ಣ ಗುಂಪಿ. ನಮ್ಮ ಹುಡುಗರು “ಸರೀರಿ, ಸರೀರಿ” ಎಂದು ಕೂಗುತ್ತಿದ್ದರು. ಝಾಂಜ್ ಮೇಳದ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅವಳು ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟುವಷ್ಟರಲ್ಲಿ ಗಾಲಿ ಒಂದು ಮಾರು ಮುಂದೆ ಸರಿಯಿತು. ಟೊಮೆಟೊ ಒಡೆದು ರಸ್ತೆಯ ಮೇಲೆ ರಸ ಹರಿಯಿತು. ಅಜ್ಜಿ ಮೊದಲು ಗಣಪ್ಪನಿಗೆ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, “ಇವತ್ತ ಸಂತಿ ಐತಿ ಅನ್ನೂದು ನಿಮಗ ಗೊತ್ತಿದ್ದಿಲ್ಲೇನೋ ಯಪ್ಪಾ?” ಎಂದು ಕೇಳಿದಳು.

ಗೊತ್ತಿತ್ತು. ಬೆಂಗೇರಿಯಲ್ಲೇ ಹುಟ್ಟಿ ಬೆಳೆದವನಿಗೆ ಸಂತೆಯ ದಿನ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯಲ್ಲಿ ‘ಮೆರವಣಿಗೆ ಸಾಗುವ ಮಾರ್ಗ’ ಎಂಬಲ್ಲಿ ನಾನೇ ಕೈಯಾರೆ ‘ಎಂದಿನ ಮಾರ್ಗ’ ಎಂದು ಬರೆದಿದ್ದೆ. ನಮ್ಮ ಓಣಿಯ ಗಜಾನನ ಉತ್ಸವ ಮಂಡಳಕ್ಕೆ ನಾನು ಕಾರ್ಯದರ್ಶಿಯಾದ ಮೊದಲ ವರ್ಷ ಅದು. ಹಿಂದಿನವರು ಹಾಗೇ ಬರೆಯುತ್ತಿದ್ದರು, ನಾನೂ ಬರೆದೆ. ಐದನೇ ದಿನದ ವಿಸರ್ಜನೆ ಸಂತೆಯ ದಿನವೇ ಬಿದ್ದಿದೆ ಎಂದು ಬೆರಳು ಮಡಚಿ ಎಣಿಸುವ ಗೋಜಿಗೆ ಹೋಗಲಿಲ್ಲ.

ಅದೇ ರಾತ್ರಿ ಇನ್ನೊಂದು ತಿರುವಿನಲ್ಲಿ ಗಣಪ್ಪನ ಹಿಂದಿನ ಕಮಾನು ಜೋತುಬಿದ್ದ ತಂತಿಗೆ ಇನ್ನೇನು ತಾಗುವುದರಲ್ಲಿತ್ತು. ಮೂರ್ತಿ 8 ಅಡಿ ಎಂದು ನಮಗೆಲ್ಲ ಬಾಯಿಪಾಠ. ಟ್ರೇಲರ್‌ನ ಎತ್ತರ, ಅದರ ಮೇಲಿನ ಹಲಗೆ, ಹಿಂದಿನ ಕಮಾನು ಇವನ್ನೆಲ್ಲ ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಒಬ್ಬ ಹುಡುಗ ಟ್ರೇಲರ್ ಏರಿ ಬಿದಿರಿನ ಗಳದಿಂದ ತಂತಿ ಎತ್ತಿ ಹಿಡಿದ. ಆ ಹೊತ್ತಿಗೆ ಮಳೆ ಹನಿಯುತ್ತಿತ್ತು, ಗಳ ತೊಯ್ದಿತ್ತು. ಅವನಿಗೆ ಏನೂ ಆಗಲಿಲ್ಲ. ಆದರೆ ಕೆಳಗೆ ನಿಂತಿದ್ದ ಅವನ ತಾಯಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಮರುದಿನ ಮಂಡಳದ ಲೆಕ್ಕದಿಂದ ಅಜ್ಜಿಗೆ ಟೊಮೆಟೊದ ಹಣ ಕೊಟ್ಟೆವು. ಮುಂದಿನ ವರ್ಷ ಅರ್ಜಿ ಕೊಡಲು ಹೋದಾಗ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ದಫೇದಾರರು ‘ಮಾರ್ಗ’ದ ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ಖಾಲಿ ಬಿಡ್ರಿ. ಮೊದಲ ನಡದ ನೋಡಿ ಬರ್ರಿ, ಆಮ್ಯಾಲ ಬರೀರಿ” ಎಂದರು. ಮೆರವಣಿಗೆಯ ನಿಯಮಗಳ ಬಗ್ಗೆ ನಾನು ಕಲಿತದ್ದೆಲ್ಲ ಆ ಮಾತಿನಿಂದ ಶುರುವಾಯಿತು.

ನಾವು ನಾಲ್ವರು ಒಂದು ನೋಟ್‌ಬುಕ್, ಅಳತೆ ಪಟ್ಟಿ, ಅಡಿಗೊಂದು ಗೆರೆ ಹಾಕಿದ ಒಣ ಬಿದಿರಿನ ಗಳ ಹಿಡಿದು ಹೊರಟೆವು. ಹಗಲು ಹೊತ್ತಿನಲ್ಲಲ್ಲ, ಮೆರವಣಿಗೆ ಹೊರಡುವ ಸಂಜೆಯ ಹೊತ್ತಿಗೇ. ಗಳವನ್ನು ತಂತಿಯಿಂದ ದೂರವೇ ನಿಲ್ಲಿಸಿ, ಕಣ್ಣಳತೆಯಲ್ಲಿ ಎತ್ತರ ಗುರುತಿಸಿದೆವು. ಬೆಂಗೇರಿಯಿಂದ ಕೇಶ್ವಾಪುರ ದಾಟಿ, ರೈಲು ಹಳಿಯ ಆಚೆ ಇಂದಿರಾ ಗಾಜಿನಮನೆಯ ಹಿಂದಿನ ಬಾವಿಯವರೆಗೆ ದಾರಿ. ಎಷ್ಟೋ ವರ್ಷ ಕುಣಿಯುತ್ತ ದಾಟಿದ್ದ ರಸ್ತೆ ಅದು. ನಿಧಾನವಾಗಿ ನಡೆದಾಗ ಬೇರೆಯೇ ರಸ್ತೆಯಂತೆ ಕಂಡಿತು. ಎರಡು ನರ್ಸಿಂಗ್ ಹೋಮ್, ಜೋತುಬಿದ್ದ ತಂತಿಯ ಮೂರು ಜಾಗ, ಟ್ರೇಲರ್ ಒಂದೇ ಸಲಕ್ಕೆ ತಿರುಗದ ಒಂದು ತಿರುವು, ಸಂಜೆ ನಮಾಜಿಗೆ ಜನ ಸೇರುವ ಒಂದು ಮಸೀದಿ. ಮಸೀದಿಯ ಹಿರಿಯರನ್ನು ಕಂಡು ನಮಾಜಿನ ಹೊತ್ತು ಕೇಳಿ ಬರೆದುಕೊಂಡೆವು. ಅದಕ್ಕೆ ಮೊದಲೇ ಅಲ್ಲಿಂದ ದಾಟುವಂತೆ ಹೊರಡುವ ವೇಳೆಯನ್ನು ಹಿಂದೆ ಸರಿಸಿದೆವು. ಆ ವರ್ಷ ಅರ್ಜಿಯ ಒಂದು ಸಾಲು ಸಾಲಲಿಲ್ಲ, ಪ್ರತ್ಯೇಕ ಹಾಳೆ ಲಗತ್ತಿಸಬೇಕಾಯಿತು.

ಈ ಅನುಮತಿ ಎಲ್ಲಿಂದ ಬಂತು ಎಂದು ತಿಳಿಯುವ ಆಸೆ ಹುಟ್ಟಿತು. ಪರಿಚಯದ ವಕೀಲರೊಬ್ಬರು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 31 ತೋರಿಸಿದರು. ಸಾರ್ವಜನಿಕ ಸ್ಥಳದಲ್ಲಿ ಸಂಚಾರ ಮತ್ತು ಶಾಂತಿ ಕಾಯಲು ಆದೇಶ ಹೊರಡಿಸುವ ಅಧಿಕಾರ ಅದರಲ್ಲಿದೆ. ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್ ನಗರದಲ್ಲಿ ಅದು ಪೊಲೀಸ್ ಆಯುಕ್ತರದ್ದು. ಪೆಂಡಾಲಿಗೆ ಮಹಾನಗರ ಪಾಲಿಕೆ, ದೀಪಕ್ಕೆ ವಿದ್ಯುತ್ ಕಂಪನಿ ಹೆಸ್ಕಾಂ, ಮೆರವಣಿಗೆಗೆ ಪೊಲೀಸ್. ಒಂದರ ಪರ್ಮಿಷನ್ ಇನ್ನೊಂದಕ್ಕೆ ಆಗುವುದಿಲ್ಲ. ಪೆಂಡಾಲಿನ ಕಾಗದ ಕೈಯಲ್ಲಿ ಹಿಡಿದು ‘ನಮಗ ಪರ್ಮಿಷನ್ ಐತಿ’ ಎಂದು ಮೆರವಣಿಗೆ ಹೊರಡಿಸುವ ಮಂಡಳಗಳನ್ನು ಈಗಲೂ ಕಾಣುತ್ತೇನೆ.

ವಕೀಲರು ಹೇಳಿದ ಎರಡು ತೀರ್ಪುಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಮೊದಲನೆಯದು ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ 1924ರಲ್ಲಿ ಕೊಟ್ಟದ್ದು. ಸಾರ್ವಜನಿಕ ಬೀದಿಯಲ್ಲಿ ಧಾರ್ಮಿಕ ಮೆರವಣಿಗೆ ನಡೆಸುವ ಹಕ್ಕು ಜನರಿಗಿದೆ, ಆದರೆ ಆ ಬೀದಿಯನ್ನು ಉಳಿದವರು ದಿನನಿತ್ಯ ಬಳಸುವುದಕ್ಕೆ ಅದು ಅಡ್ಡಿಯಾಗಬಾರದು, ಅಧಿಕಾರಿಗಳ ಕಾನೂನುಬದ್ಧ ಸೂಚನೆಗೂ ಒಳಪಟ್ಟಿರಬೇಕು ಎಂಬುದು ಅದರ ಸಾರ. ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಸಂತೆಯ ಅಜ್ಜಿ. ನೂರು ವರ್ಷದ ಹಿಂದೆ ನ್ಯಾಯಾಧೀಶರು ಹೇಳಿದ್ದನ್ನೇ ಅವಳು ಒಂದು ಪ್ರಶ್ನೆಯಲ್ಲಿ ಕೇಳಿದ್ದಳು.

ಎರಡನೆಯದು ಸುಪ್ರೀಂ ಕೋರ್ಟ್ 1972ರಲ್ಲಿ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಕೊಟ್ಟ ತೀರ್ಪು. ಅಹಮದಾಬಾದಿನ ಬೀದಿಯಲ್ಲಿ ಸಭೆ ನಡೆಸಲು ಅನುಮತಿ ನಿರಾಕರಿಸಿದ್ದು ಅಲ್ಲಿನ ವಿಷಯ. ಬೀದಿಯ ಸಭೆಯನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಯಾವ ಮಾನದಂಡವೂ ಇಲ್ಲದೆ ಮನಸ್ಸಿಗೆ ಬಂದಂತೆ ‘ಇಲ್ಲ’ ಎನ್ನುವ ಅಧಿಕಾರವನ್ನು ಅಧಿಕಾರಿಗೆ ಕೊಡುವ ನಿಯಮ ನಿಲ್ಲುವುದಿಲ್ಲ ಎಂದಿತು ನ್ಯಾಯಪೀಠ. ಶಾಂತಿಯಿಂದ, ಆಯುಧವಿಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆದ್ದರಿಂದ ಅರ್ಜಿಯನ್ನು ನಾನು ತಲೆತಗ್ಗಿಸಿ ಬೇಡುವ ಕಾಗದ ಎಂದುಕೊಳ್ಳುವುದಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಠಸ್ಸೆ ಹಾಕಿಸಿಕೊಂಡು ಬರುತ್ತಿದ್ದೆ. ಬೇಡ ಎಂದರೆ ಯಾಕೆ ಬೇಡ ಎಂದು ಬರೆದು ಕೊಡಿರೆಂದು ಕೇಳುತ್ತಿದ್ದೆ. ಒಮ್ಮೆ ಒಂದು ರಸ್ತೆ ಬೇಡವೆಂದರು. ಕಾರಣ ಕೇಳಿದಾಗ ಅಲ್ಲಿ ಒಳಚರಂಡಿ ಕೆಲಸ ನಡೆದಿತ್ತು ಎಂದು ಗೊತ್ತಾಯಿತು, ಪಕ್ಕದ ರಸ್ತೆ ಬರೆದುಕೊಟ್ಟೆವು. ಕಾರಣ ಕೇಳಿದ್ದರಿಂದ ಇಬ್ಬರಿಗೂ ಕೆಲಸ ಹಗುರವಾಯಿತು.

ಸಪ್ಪಳದ ವಿಷಯದಲ್ಲಿ ನಮ್ಮ ಹುಡುಗರೊಂದಿಗೆ ನಾನು ಹೆಚ್ಚು ಜಗಳಾಡಿದ್ದೇನೆ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲಿನ 100 ಮೀಟರ್ ಜಾಗವನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಂಕಿ ಹೇಳಿದರೆ ಹುಡುಗರು ಕೇಳಲಿಲ್ಲ. ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಿ, “ಒಳಗ ಹಡದಾಕಿ ಮಲಗ್ಯಾಳ” ಎಂದಾಗ ಕೇಳಿದರು. ಈಗ ದಾರಿಯ ಎರಡೂ ನರ್ಸಿಂಗ್ ಹೋಮ್‌ಗಳ ಮುಂದೆ ಮೇಳದವರು ವಾದ್ಯ ಇಳಿಸಿ ಸುಮ್ಮನೆ ನಡೆಯುತ್ತಾರೆ. ಡಿಜೆ ಬಿಟ್ಟು ಝಾಂಜ್, ಜಗ್ಗಲಿಗೆ ಇಟ್ಟುಕೊಂಡಿದ್ದೇವೆ. ಕೈಯಿಂದ ಬಾರಿಸುವ ವಾದ್ಯವನ್ನು ಒಂದು ಸನ್ನೆಗೆ ನಿಲ್ಲಿಸಬಹುದು.

ತಂತಿಯ ಬಗ್ಗೆ ಹೇಳಿದಷ್ಟೂ ಕಡಿಮೆ. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡಿನಲ್ಲಿ ದೇವರ ರಥ ವಿದ್ಯುತ್ ತಂತಿಗೆ ತಾಗಿ 11 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2024ರ ಜನವರಿಯಲ್ಲಿ ನಮ್ಮ ಪಕ್ಕದ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ತಂತಿ ತಾಗಿ ಮೂವರು ಯುವಕರು ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಹುಡುಗ, ತೊಯ್ದ ಗಳ, ಅವನ ತಾಯಿ ಮತ್ತೆ ಕಣ್ಣ ಮುಂದೆ ನಿಂತರು. ಈಗ ನಮ್ಮ ಮಂಡಳದ ಕಟ್ಟಳೆ ಇದು: ನೆಲದಿಂದ ಕಮಾನಿನ ತುದಿಯವರೆಗೆ ಒಟ್ಟು ಎತ್ತರ ಅಳೆದು ಅರ್ಜಿಯಲ್ಲಿ ಬರೆಯಬೇಕು, ಜೋತುಬಿದ್ದ ತಂತಿಯ ಜಾಗಗಳನ್ನು ಹೆಸ್ಕಾಂ ಕಚೇರಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು. ತಂತಿ ಎತ್ತಲು ಯಾರೂ ಗಳ ಮುಟ್ಟುವಂತಿಲ್ಲ. ದಾಟಲಾಗದಿದ್ದರೆ ಕಮಾನು ಬಿಚ್ಚುತ್ತೇವೆ. ಕಮಾನು ಬಿಚ್ಚಿದರೆ ಗಣಪ್ಪ ಚಿಕ್ಕವನಾಗುವುದಿಲ್ಲ.

ಬೆಂಗೇರಿಯವನಾದ್ದರಿಂದ ಇನ್ನೊಂದು ಪಾಠ ನನಗೆ ಸಿಕ್ಕಿತು. ನಮ್ಮ ಊರಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಸಂಘ ಶುರುವಾದದ್ದು 1957ರಲ್ಲಿ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುವ ಖಾದಿ ಬಟ್ಟೆಗೆ ಇಲ್ಲಿ ಬಣ್ಣ ಬೀಳುತ್ತದೆ, ಚಕ್ರ ಮೂಡುತ್ತದೆ, ಹೊಲಿಗೆ ಆಗುತ್ತದೆ. ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಂದು ವರ್ಷ ನಮ್ಮ ಹುಡುಗರು ಉತ್ಸಾಹದಿಂದ ತ್ರಿವರ್ಣ ಧ್ವಜವನ್ನು ಟ್ರ್ಯಾಕ್ಟರ್‌ನ ಬಾನೆಟ್ ಮೇಲೆ ಹೊದಿಸಿ ಕಟ್ಟಿದ್ದರು. ಆ ಸಂಘದಲ್ಲಿ ಹೊಲಿಗೆ ಕೆಲಸ ಮಾಡುವ ನಮ್ಮ ಓಣಿಯ ಅಕ್ಕ ಒಬ್ಬರು ಆರತಿ ತಟ್ಟೆ ಹಿಡಿದು ಬಂದವರು ಅಲ್ಲೇ ನಿಂತುಬಿಟ್ಟರು. “ತಮ್ಮಾ, ಇದನ್ನ ಗಾಡಿಗೆ ಹೊದಸಬಾರದಪಾ. ಒಂದು ದಾರ ಹೆಚ್ಚು-ಕಮ್ಮಿ ಆದ್ರ ನಾವು ಬಿಚ್ಚಿ ಮತ್ತ ಹೊಲಿತೀವಿ” ಎಂದರು. ತಾವೇ ಗಂಟು ಬಿಚ್ಚಿ, ನೆಲಕ್ಕೆ ತಾಗದಂತೆ ಮಡಚಿ ಎದೆಗೆ ಹಿಡಿದುಕೊಂಡರು.

ಆಮೇಲೆ 2002ರ ಧ್ವಜ ಸಂಹಿತೆ ತೆಗೆದು ನೋಡಿದೆ. ವಾಹನದ ಬಾನೆಟ್, ಮಾಡು, ಬದಿ, ಹಿಂಭಾಗ ಯಾವುದಕ್ಕೂ ಧ್ವಜ ಹೊದಿಸುವಂತಿಲ್ಲ. ಮೆರವಣಿಗೆಯಲ್ಲಿ ಒಯ್ದರೆ ಸಾಗುವ ಸಾಲಿನ ಬಲಗಡೆ ಇರಬೇಕು. ಬೇರೆ ಧ್ವಜಗಳ ಸಾಲಿದ್ದರೆ ಆ ಸಾಲಿನ ನಡುಭಾಗದ ಮುಂದೆ ಇರಬೇಕು. ಅಕ್ಕ ಧ್ವಜ ಮಡಚಿದ ರೀತಿ ನೋಡಿ ನನಗೆ ಬೀದಿಯ ನಿಯಮವೂ ಅರ್ಥವಾಯಿತು. ಧ್ವಜ ಒಬ್ಬರದಲ್ಲ ಎಂದೇ ಅದನ್ನು ಹಿಡಿಯುವುದಕ್ಕೆ ಇಷ್ಟು ಕಟ್ಟಳೆ. ರಸ್ತೆಯೂ ಒಬ್ಬರದಲ್ಲ. ಮೂರು ತಾಸು ಅದನ್ನು ನಾವು ಕೇಳಿ ಪಡೆಯುತ್ತೇವೆ, ಹಾಗೆಯೇ ಸ್ವಚ್ಛವಾಗಿ ಹಿಂದಿರುಗಿಸಬೇಕು. ಅದಕ್ಕೇ ಮೆರವಣಿಗೆಯ ಹಿಂದೆ ಈಗ ನಮ್ಮದೇ ಆರು ಮಂದಿ ಕಸಬರಿಗೆ ಹಿಡಿದು ಬರುತ್ತಾರೆ. ಹೂವು, ಗುಲಾಲು, ನೀರಿನ ಪಾಕೀಟು ಪಾಲಿಕೆಯ ಪೌರಕಾರ್ಮಿಕರ ಪಾಲಿಗೆ ಉಳಿಯಬಾರದು.

ಸ್ವಯಂಸೇವಕರ ಹೆಸರು, ಫೋನ್ ನಂಬರ್ ಬರೆದುಕೊಡುವುದನ್ನೂ ಮೊದಲು ನಾನು ಕಿರಿಕಿರಿ ಎಂದುಕೊಂಡಿದ್ದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಸೇರಿದ ಜನದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತ ಮೇಲೆ ಆ ಪಟ್ಟಿಯನ್ನು ಮೂರು ಸಲ ಓದಿ ಸಹಿ ಹಾಕಿದೆ. ಗಾಲಿಯ ಎರಡೂ ಬದಿಗೆ ಹಗ್ಗ, ಹಗ್ಗಕ್ಕೆ ನಾಲ್ಕು ಮಾರಿಗೊಬ್ಬ ಹುಡುಗ, ಅಂಬುಲೆನ್ಸ್ ಬಂದರೆ ಯಾರು ಹಗ್ಗ ಬಿಚ್ಚಿ ಯಾವ ಬದಿಗೆ ಸರಿಸಬೇಕು ಎಂಬುದು ಹೆಸರಿನೊಂದಿಗೆ ಬರೆದಿರಬೇಕು. ಹೆಸರು ಬರೆದ ಹುಡುಗ ಕುಣಿಯಲು ಹೋಗುವುದಿಲ್ಲ.

ಈ ವರ್ಷ ಕಾರ್ಯದರ್ಶಿತನ ಬಿಟ್ಟುಕೊಟ್ಟೆ. ಹೊಸ ಹುಡುಗ ಅರ್ಜಿ ಹಿಡಿದು ಮನೆಗೆ ಬಂದ. “ಕಾಕಾ, ಎಲ್ಲಾ ನಿಮ್ಮ ಹಾಳಿವೊಳಗ ಬರದೈತಿ. ಹ್ವಾದ ವರ್ಷದ್ದ ಇಳಿಸಿಬಿಡ್ಲಿ?” ಎಂದು ಕೇಳಿದ. ನಾನು ಅಟ್ಟದ ಮೇಲಿನಿಂದ ಗೆರೆ ಹಾಕಿದ ಗಳ ತೆಗೆದು ಅವನ ಕೈಗೆ ಕೊಟ್ಟೆ. ಎರಡು ತಾಸು ಬಿಟ್ಟು ಬೆವರಿಳಿಸಿಕೊಂಡು ಬಂದ. ನೋಟ್‌ಬುಕ್ಕಿನ ಮೂರು ಹಾಳೆ ತುಂಬಿದ್ದವು. “ಕಾಕಾ, ನಿಮ್ಮ ದೊಡ್ಡ ತಿರುವಿನ್ಯಾಗ ಗಟಾರ ಅಗದಾರ. ಟ್ರೇಲರ್ ಹೋಗೂದ ಇಲ್ಲ. ಹ್ವಾದ ವರ್ಷದ ದಾರಿ ಈ ವರ್ಷ ಇಲ್ಲ” ಎಂದ.

ಅವನ ಹಾಳೆಯ ಮೇಲೆ ಕೊನೆಯ ಸಾಲಿನಲ್ಲಿ ಹೀಗೆ ಬರೆದಿತ್ತು: ‘ವಿಸರ್ಜನೆಯ ದಿನ ಸಂತೆ ಇದೆಯೇ ಎಂದು ನೋಡಿದ್ದೇವೆ. ಇಲ್ಲ.’ ನಾನು ಹೇಳಿಕೊಡದಿದ್ದರೂ ಅವನೇ ಬರೆದಿದ್ದ.